ಆರು ದಿನ, ಐದು ಪಂದ್ಯ: ಸುವಾನಿ ಕಾಲೇಜು ತಂಡದ 1899ರ ಋತು

ಪ್ರಶ್ನೆ: ಅಮೆರಿಕದ ಸುವಾನಿ ಎಂಬ ಸಣ್ಣ ಕಾಲೇಜಿನ ಫುಟ್‌ಬಾಲ್ ತಂಡ 1899ರಲ್ಲಿ ಆರು ದಿನಗಳಲ್ಲಿ ಐದು ಪಂದ್ಯಗಳನ್ನಾಡಿ, ಒಂದು ಅಂಕವನ್ನೂ ಬಿಟ್ಟುಕೊಡದೆ ಐದನ್ನೂ ಗೆದ್ದು, ಏಳನೆಯ ದಿನ ವಿಶ್ರಾಂತಿ ಪಡೆಯಿತು ಎಂದು ಓದಿದೆ. ಇದು ನಿಜವೇ? ವಾರಕ್ಕೊಂದೇ ಪಂದ್ಯ ಆಡುವ ಇಂದಿನ ತಂಡಗಳನ್ನು ನೋಡಿದರೆ ನಂಬುವುದು ಕಷ್ಟ. ನಿಜವಾಗಿದ್ದರೆ ಅದು ಹೇಗೆ ಸಾಧ್ಯವಾಯಿತು? ಅಂಥ ತಂಡದ ಹೆಸರು ಈಗ ಏಕೆ ಕೇಳಿಬರುವುದಿಲ್ಲ?

ಉತ್ತರ: ಸಂಗತಿ ನಿಜ, ಅಂಕಿಗಳೂ ನಿಜ. ಏಳನೆಯ ದಿನದ ವಿಶ್ರಾಂತಿಯೊಂದು ಮಾತ್ರ ಬೈಬಲಿನ ಸೃಷ್ಟಿಕಥೆಯನ್ನು ನೆನೆದು ಮಾತಿನ ಚಂದಕ್ಕೆ ಸೇರಿಸಿದ್ದು. ತಂಡ ವಿಶ್ರಾಂತಿ ಪಡೆದದ್ದು ಪ್ರವಾಸದ ನಡುವೆ, ನಾಲ್ಕನೆಯ ದಿನ. ಅಂದು ಭಾನುವಾರ. ಚರ್ಚಿನ ಕಾಲೇಜಿನ ಹುಡುಗರು ಭಾನುವಾರ ಆಟಕ್ಕಿಳಿಯುವ ಮಾತೇ ಇರಲಿಲ್ಲ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಸಾಲನ್ನು ಭೇದಿಸಿ ಓಡುವ ಅಮೆರಿಕನ್ ಆಟ ಎಂಬುದನ್ನು ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಹೇಳಿಬಿಡುತ್ತೇನೆ. ಸುವಾನಿ ಎಂಬುದು ಟೆನೆಸ್ಸಿ ರಾಜ್ಯದ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲಿರುವ ಊರು. ಅಲ್ಲಿ ಎಪಿಸ್ಕೋಪಲ್ ಚರ್ಚಿನವರು 1857ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯದ ವಿಧ್ಯುಕ್ತ ಹೆಸರು ‘ಯೂನಿವರ್ಸಿಟಿ ಆಫ್ ದ ಸೌತ್’. ಆದರೆ ಊರಿನ ಹೆಸರಿನಿಂದಲೇ ಎಲ್ಲರೂ ಅದನ್ನು ಗುರುತಿಸುವುದು ವಾಡಿಕೆ. ಅಮೆರಿಕದ ಪೂರ್ವ ಕರಾವಳಿಯ ಕಾಲೇಜುಗಳು 1869ರಿಂದಲೇ ಒಂದಲ್ಲ ಒಂದು ಬಗೆಯ ಫುಟ್‌ಬಾಲ್ ಆಡುತ್ತಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ಆಟ ಬೇರು ಬಿಟ್ಟದ್ದು 1890ರ ದಶಕದಲ್ಲಿ. ಸುವಾನಿ ಮೊದಲ ಬಾರಿಗೆ ತಂಡ ಕಟ್ಟಿದ್ದು 1891ರಲ್ಲಿ. ಎಂಟೇ ವರ್ಷಗಳಲ್ಲಿ ಅದು ಆಡಿದ ಹನ್ನೆರಡು ಪಂದ್ಯಗಳ ಋತು ಇಂದಿಗೂ ಚರ್ಚೆಯಲ್ಲಿದೆ.

ಆ ಪ್ರವಾಸ ಶೌರ್ಯ ಪ್ರದರ್ಶನಕ್ಕಾಗಿ ಹುಟ್ಟಿದ್ದಲ್ಲ, ಹಣದ ತಾಪತ್ರಯದಿಂದ ಹುಟ್ಟಿದ್ದು. ಸುವಾನಿಗೆ ಪ್ರತಿವರ್ಷ ಕೈತುಂಬ ಟಿಕೆಟ್ ಹಣ ತರುತ್ತಿದ್ದದ್ದು ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯ. ಆ ಹಣವನ್ನು ಹಂಚಿಕೊಳ್ಳುವ ವಿಷಯದಲ್ಲೇ ಎರಡೂ ಕಡೆಯವರಿಗೆ ಜಗಳವಾಗಿ 1899ರ ಪಂದ್ಯ ನಿಂತುಹೋಯಿತು. ಬೊಕ್ಕಸ ತುಂಬಿಸುವ ಹೊಣೆ ತಂಡದ ಮ್ಯಾನೇಜರ್ ಆಗಿದ್ದ ವಿದ್ಯಾರ್ಥಿ ಲ್ಯೂಕ್ ಲೀ ಮೇಲೆ ಬಿತ್ತು. ಆಗ ಅವನಿಗೆ ಇಪ್ಪತ್ತು ವರ್ಷ. ಟೆಕ್ಸಸ್‌ವರೆಗೆ ಹೋಗಿ ಬರುವ ಖರ್ಚು ಒಂದು ಪಂದ್ಯದ ಗಳಿಕೆಯಿಂದ ಹುಟ್ಟುವಂಥದ್ದಲ್ಲ. ಹೋದ ದಾರಿಯಲ್ಲೇ ಐದು ಪಂದ್ಯ ಸಿಕ್ಕರೆ ಲೆಕ್ಕ ಕೂಡುತ್ತದೆ, ಅವುಗಳ ನಡುವೆ ಬಿಡುವು ಹೆಚ್ಚಿದಷ್ಟೂ ಊಟ, ವಸತಿ, ಬಾಡಿಗೆ ಬೋಗಿಯ ಖರ್ಚು ಏರುತ್ತದೆ. ಒಂದರ ಬೆನ್ನಿಗೊಂದು ಪಂದ್ಯವಿಟ್ಟ ಆ ವೇಳಾಪಟ್ಟಿಯಲ್ಲಿ ಕ್ರೀಡಾಪಟುವಿನ ಹುಮ್ಮಸ್ಸಿಗಿಂತ ಲೆಕ್ಕಿಗನ ಕೈಚಳಕವೇ ನನಗೆ ಎದ್ದು ಕಾಣುತ್ತದೆ. ಲೀ ಮುಂದೆ ನ್ಯಾಶ್‌ವಿಲ್‌ನಲ್ಲಿ ‘ಟೆನೆಸ್ಸಿಯನ್’ ಪತ್ರಿಕೆ ಸ್ಥಾಪಿಸಿದ, 1911ರಿಂದ 1917ರವರೆಗೆ ಅಮೆರಿಕದ ಸೆನೆಟ್ ಸದಸ್ಯನಾಗಿದ್ದ, ಮೊದಲ ಮಹಾಯುದ್ಧ ಮುಗಿದ ಮೇಲೆ 1919ರ ಜನವರಿಯಲ್ಲಿ ನೆದರ್ಲೆಂಡ್ಸ್‌ನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಪದಚ್ಯುತ ಕೈಸರನನ್ನು ಹಿಡಿದು ತರಲು ಗೆಳೆಯರನ್ನು ಕಟ್ಟಿಕೊಂಡು ಹೋಗಿ ಬರಿಗೈಯಲ್ಲಿ ಮರಳಿದ, ಕಡೆಗೆ ಬ್ಯಾಂಕ್ ಅವ್ಯವಹಾರದ ಪ್ರಕರಣವೊಂದರಲ್ಲಿ ಸೆರೆಮನೆಯನ್ನೂ ಕಂಡ. ಇಂಥ ಆಸಾಮಿ ಮಾತ್ರ ಹಾಕಬಹುದಾದ ವೇಳಾಪಟ್ಟಿ ಅದು.

ಇನ್ನು ಪಂದ್ಯಗಳಿಗೆ ಬರೋಣ. ತರಬೇತುದಾರ ಬಿಲ್ಲಿ ಸೂಟರ್ ಪ್ರಿನ್ಸ್‌ಟನ್‌ನಲ್ಲಿ ಆಟ ಕಲಿತು ಬಂದವನು. ನಾಯಕ ಅಲಬಾಮಾದ ಮಾಂಟ್‌ಗಮರಿಯ ಹೆನ್ರಿ ಸೀಬೆಲ್ಸ್. ಅಕ್ಟೋಬರ್ 21ರಂದು ಅಟ್ಲಾಂಟಾದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯವನ್ನು 12-0ರಿಂದ, ಎರಡು ದಿನ ಬಿಟ್ಟು ಅದೇ ಊರಿನಲ್ಲಿ ಜಾರ್ಜಿಯಾ ಟೆಕ್ ತಂಡವನ್ನು 32-0ರಿಂದ ಸೋಲಿಸುವುದರೊಂದಿಗೆ ಋತು ಆರಂಭವಾಯಿತು. ಊರಿಗೆ ಮರಳಿದ ಮೇಲೆ ಟೆನೆಸ್ಸಿ ವಿಶ್ವವಿದ್ಯಾಲಯ 46-0, ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ 54-0. ಆಮೇಲೆ ಬಾಡಿಗೆಗೆ ಹಿಡಿದ ಮಲಗುವ ಬೋಗಿಯೊಂದನ್ನು ಹತ್ತಿ ತಂಡ ಟೆಕ್ಸಸ್‌ನತ್ತ ಹೊರಟಿತು.

ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ 12-0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ 10-0. ಆ ರಾತ್ರಿ ರೈಲಿನಲ್ಲೇ ಐನೂರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಿ ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ವಿರುದ್ಧ 23-0. ಭಾನುವಾರ ಬಿಡುವು. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನ ಸ್ಟೇಟ್ ವಿರುದ್ಧ 34-0, ಅಂದು ರಾತ್ರಿ ಮತ್ತೆ ರೈಲು, ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವಿರುದ್ಧ 12-0. ಒಟ್ಟು 91 ಅಂಕ ಗಳಿಕೆ, ಬಿಟ್ಟುಕೊಟ್ಟದ್ದು ಸೊನ್ನೆ. ಹೊರಟಲ್ಲಿಂದ ಮರಳುವವರೆಗೆ ಸುಮಾರು 2,500 ಮೈಲಿಯ ದಾರಿ ಎನ್ನುತ್ತಾರೆ. ರೈಲಿನಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗಿ, ಮರಳುವಾಗ ದಾರಿಯ ಮುಕ್ಕಾಲು ಭಾಗ ಕಳೆಯುವಷ್ಟು ದೂರ.

ಇದು ಹೇಗೆ ಸಾಧ್ಯವಾಯಿತು ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಅಂದಿನ ನಿಯಮಗಳಲ್ಲಿದೆ. ಇಂದು ದಾಳಿ ಮಾಡುವ ತಂಡಕ್ಕೆ ಹತ್ತು ಗಜ ಮುಂದೊತ್ತಲು ನಾಲ್ಕು ಅವಕಾಶಗಳಿರುತ್ತವೆ. ಆಗ ಐದು ಗಜಕ್ಕೆ ಮೂರು ಅವಕಾಶ. ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ 1906ರವರೆಗೆ ಅನುಮತಿಯೇ ಇರಲಿಲ್ಲವಾದ್ದರಿಂದ ಇಂದಿನ ಆಟದಲ್ಲಿ ಕಾಣುವ ದೂರದ ಓಟಗಳು, ಮೈದಾನದ ಉದ್ದಗಲಕ್ಕೂ ಹರಡಿಕೊಂಡ ಆಟಗಾರರು ಆಗ ಅಪರೂಪ. ಇಪ್ಪತ್ತೆರಡು ಮಂದಿಯೂ ಒಂದೆಡೆ ಒತ್ತೊತ್ತಾಗಿ ನಿಂತು, ಚೆಂಡು ಹಿಡಿದವನನ್ನು ಸ್ವಂತ ತಂಡದವರೇ ಹಿಂದಿನಿಂದ ನೂಕಿ, ಮುಂದಿನಿಂದ ಎಳೆದು, ಒಂದೆರಡು ಗಜ ಸಾಗಿಸಿದರೆ ಅದೇ ದೊಡ್ಡದು. ಈ ಬಗೆಯ ಆಟದಲ್ಲಿ ಅಂಕ ಗಳಿಸುವುದು ಕಷ್ಟ, ರಕ್ಷಣೆಯಲ್ಲಿ ಗಟ್ಟಿಯಾಗಿರುವ ತಂಡದ ಎದುರು ಇನ್ನೂ ಕಷ್ಟ. ಪೂರ್ಣಾವಧಿ ಮೂವತ್ತೈದು ನಿಮಿಷಗಳ ಎರಡು ಭಾಗಗಳಾದರೂ ಎರಡೂ ಕಡೆಯವರು ಒಪ್ಪಿ ಅವಧಿಯನ್ನು ಕಡಿಮೆ ಮಾಡಿಕೊಳ್ಳುವ ರೂಢಿ ಅಂದು ವ್ಯಾಪಕವಾಗಿತ್ತು.

ಚೆಂಡನ್ನು ಒದೆಯುವ ಕಲೆಯ ಬೆಲೆಯೂ ಆಗ ಬೇರೆ. ಮೈದಾನದ ಉದ್ದ 110 ಗಜ. ತನ್ನ ಗಡಿಯ ಹತ್ತಿರ ಸಿಕ್ಕಿಬಿದ್ದ ತಂಡ ಮೂರನೆಯ ಅವಕಾಶದವರೆಗೂ ಕಾಯದೆ, ಮೊದಲನೆಯದರಲ್ಲೇ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿಬಿಡುವುದು ಜಾಣತನವೆನಿಸಿತ್ತು: ಚೆಂಡು ಅವರದಾಗಲಿ, ಆದರೆ ನಮ್ಮ ಗಡಿಯಿಂದ ದೂರವಿರಲಿ ಎಂಬ ಎಣಿಕೆ. ಸುವಾನಿಯಲ್ಲಿ ಈ ಕೆಲಸ ಮಾಡುತ್ತಿದ್ದವನು ಓರ್ಮಂಡ್ ಸಿಮ್ಕಿನ್ಸ್. ಐದು ಪಂದ್ಯಗಳಲ್ಲೂ ಎದುರಾಳಿಗಳು ಸೊನ್ನೆ ಸುತ್ತಿದ್ದರಲ್ಲಿ ಓಟಗಾರರಷ್ಟೇ ಪಾಲು ಅವನ ಕಾಲಿನದೂ ಇದೆ ಎಂದು ನನ್ನ ಅಭಿಪ್ರಾಯ. ಈ ಆಟದ ಪೆಟ್ಟುಗಳ ಕಾರಣದಿಂದಲೇ ಮುಂದೆ ಅವನು ಕಾಲುಗಳನ್ನು ಕಳೆದುಕೊಳ್ಳಬೇಕಾಯಿತು ಎಂದು ಹೇಳಲಾಗುತ್ತದೆ.

ಹಾಗೆಂದು ನಿಯಮಗಳು ಎಲ್ಲವನ್ನೂ ಸುಲಭ ಮಾಡಿದ್ದವು ಎಂದು ತಿಳಿಯಬಾರದು. ಒಂದು ನಿಯಮವಂತೂ ಪೂರ್ತಿ ತಿರುಗುಮುರುಗು. ದಾಳಿಗೂ ರಕ್ಷಣೆಗೂ ಅದೇ ಹನ್ನೊಂದು ಜನ ನಿಲ್ಲಬೇಕಿತ್ತು, ಮೈದಾನ ಬಿಟ್ಟು ಹೊರಬಂದವನು ಆ ಪಂದ್ಯಕ್ಕೆ ಮತ್ತೆ ಇಳಿಯುವಂತಿರಲಿಲ್ಲ. ಇಂದು ನೂರಕ್ಕೂ ಹೆಚ್ಚು ಆಟಗಾರರಿರುವ ತಂಡಗಳು ದಾಳಿಗೊಂದು, ರಕ್ಷಣೆಗೊಂದು, ಒದೆತಕ್ಕೊಂದು ಪಂಗಡವನ್ನು ಇಟ್ಟುಕೊಂಡಿರುತ್ತವೆ. ಸುವಾನಿಯ ತಂಡದಲ್ಲಿದ್ದವರು ಇಪ್ಪತ್ತೊಂದು ಮಂದಿ. ಅವರಲ್ಲೂ ಭಾರವೆಲ್ಲ ಬಿದ್ದದ್ದು ಹದಿಮೂರು ಹದಿನಾಲ್ಕು ಜನರ ಮೇಲೆ. ಆಸ್ಟಿನ್‌ನ ಮೊದಲ ಪಂದ್ಯದಲ್ಲೇ ನಾಯಕ ಸೀಬೆಲ್ಸ್‌ನ ನೆತ್ತಿ ಒಡೆದು ರಕ್ತ ಸುರಿಯಿತು. ಗಾಯಕ್ಕೆ ಪಟ್ಟಿ ಹಚ್ಚಿಕೊಂಡು ಅವನು ಆಟ ಮುಂದುವರಿಸಿದ. ತಲೆಗೆ ಪೆಟ್ಟು ಬಿದ್ದವನನ್ನು ತಕ್ಷಣ ಹೊರಗೆ ಕಳುಹಿಸುವ ಇಂದಿನ ವೈದ್ಯಕೀಯ ತಿಳಿವಳಿಕೆಯಿಂದ ನೋಡಿದರೆ ಇದನ್ನು ಧೈರ್ಯ ಎನ್ನುವುದಕ್ಕೂ ನಾಲಗೆ ತಡವರಿಸುತ್ತದೆ. ಆಟಗಾರರ ಮೈಕೈ ತಿಕ್ಕಿ, ಊತ ಇಳಿಸಿ, ಮರುದಿನಕ್ಕೆ ನಿಲ್ಲಿಸುತ್ತಿದ್ದವನು ಕ್ಯಾಲ್ ಬರೋಸ್ ಎಂಬ ಕಪ್ಪು ವರ್ಣೀಯ. ಅಂದಿನ ದಕ್ಷಿಣದ ಈ ಕಾಲೇಜುಗಳಲ್ಲಿ ಅವನ ಜನಕ್ಕೆ ಪ್ರವೇಶವೂ ಇರಲಿಲ್ಲ, ತಂಡದಲ್ಲಿ ಜಾಗವೂ ಇರಲಿಲ್ಲ ಎಂಬುದನ್ನು ಈ ಋತುವನ್ನು ಕೊಂಡಾಡುವವರು ಎಷ್ಟೋ ಬಾರಿ ಹೇಳದೆ ಬಿಡುತ್ತಾರೆ.

ಆಟ ಆಗ ಎಷ್ಟು ಅಪಾಯಕಾರಿಯಾಗಿತ್ತು ಎಂಬುದಕ್ಕೆ ಸುವಾನಿ ಋತು ಆರಂಭಿಸಿದ ಅಟ್ಲಾಂಟಾದ್ದೇ ನಿದರ್ಶನವಿದೆ. ಅಲ್ಲಿ 1897ರ ಅಕ್ಟೋಬರ್ 30ರಂದು ವರ್ಜಿನಿಯಾ ವಿರುದ್ಧ ಆಡುತ್ತಿದ್ದ ಜಾರ್ಜಿಯಾ ತಂಡದ ರಿಚರ್ಡ್ ವಾನ್ ಗ್ಯಾಮನ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಜಾರ್ಜಿಯಾದ ಶಾಸನಸಭೆ ಆಟವನ್ನೇ ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ಮಗನಿಗೆ ಪ್ರಿಯವಾಗಿದ್ದ ಆಟವನ್ನು ಅವನ ಸಾವಿನ ನೆಪದಲ್ಲಿ ನಿಲ್ಲಿಸಬೇಡಿ ಎಂದು ತಾಯಿಯೇ ಬರೆದು ಕೇಳಿಕೊಂಡಳು. ರಾಜ್ಯಪಾಲ ಆಟ್ಕಿನ್ಸನ್ ಮಸೂದೆಗೆ ಸಹಿ ಹಾಕಲಿಲ್ಲ. ಅದಾದ ಎರಡೇ ವರ್ಷಕ್ಕೆ ಅದೇ ಜಾರ್ಜಿಯಾ ತಂಡದ ವಿರುದ್ಧ ಸುವಾನಿ ಮೈದಾನಕ್ಕಿಳಿದದ್ದು.

ಸುವಾನಿಗೆ ಇನ್ನೊಂದು ಅನುಕೂಲವಿತ್ತು, ಅದನ್ನು ಗಮನಿಸುವವರು ಕಡಿಮೆ. ಅಲ್ಲಿ ದೀರ್ಘ ರಜೆ ಬೇಸಿಗೆಯಲ್ಲಿರಲಿಲ್ಲ, ಚಳಿಗಾಲದಲ್ಲಿತ್ತು. ಬಯಲಿನ ಕಾಲೇಜುಗಳ ಹುಡುಗರು ಬೇಸಿಗೆಗೆ ಮನೆಗೆ ಹೋಗಿದ್ದಾಗ ಸುವಾನಿಯ ಹುಡುಗರು ಬೆಟ್ಟದ ಮೇಲಿನ ತಂಪಿನಲ್ಲಿ ತರಗತಿಗಳಲ್ಲಿದ್ದರು. ಋತು ಬರುವ ಹೊತ್ತಿಗೆ ಒಟ್ಟಿಗೆ ಪಳಗಿದ್ದರು. ಕಾನೂನು, ವೈದ್ಯಕೀಯ ವಿಭಾಗಗಳೂ ಆಗ ಅಲ್ಲಿದ್ದುದರಿಂದ ವಯಸ್ಸಿನಲ್ಲಿ ತುಸು ಹಿರಿಯರಾದ, ಮೈ ಬಲಿತ ಆಟಗಾರರು ಸಿಗುತ್ತಿದ್ದರು. ಯಾರು ಆಡಬಹುದು, ಯಾರು ಆಡಬಾರದು ಎಂಬ ಕಟ್ಟುನಿಟ್ಟು ಆ ಕಾಲದಲ್ಲಿ ಅಷ್ಟಕ್ಕಷ್ಟೆ. 1894ರಲ್ಲಿ ಸ್ಥಾಪನೆಯಾಗಿದ್ದ ದಕ್ಷಿಣದ ಅಂತರಕಾಲೇಜು ಕ್ರೀಡಾ ಸಂಘ ಆ ಕೆಲಸಕ್ಕೆ ಆಗಷ್ಟೇ ಕೈಹಾಕಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ಪ್ರವಾಸದಲ್ಲಿ ವಿವರಣೆಗೆ ಪೂರ್ತಿ ಸಿಕ್ಕದ ಒಂದು ಅಂಶ ಉಳಿಯುತ್ತದೆ. ನಿಯಮ ಎರಡೂ ತಂಡಗಳಿಗೆ ಒಂದೇ. ಆದರೆ ಐದರಲ್ಲಿ ಮೂರು ಊರುಗಳಲ್ಲಿ ಎದುರಿಗೆ ನಿಂತವರು ಸ್ವಂತ ಹಾಸಿಗೆಯಲ್ಲಿ ನಿದ್ದೆ ಮಾಡಿ ಎದ್ದುಬಂದವರು, ಇವರು ಹಿಂದಿನ ದಿನದ ಪೆಟ್ಟುಗಳೊಂದಿಗೆ ಅಲುಗಾಡುವ ಬೋಗಿಯಲ್ಲಿ ರಾತ್ರಿ ಕಳೆದವರು. ಟುಲೇನ್, ಲೂಯಿಸಿಯಾನ ಸ್ಟೇಟ್ ತಂಡಗಳು ಅಂಥ ಬಲಿಷ್ಠವೇನೂ ಅಲ್ಲ ಎಂದು ಅಂಕಗಳೇ ಹೇಳುತ್ತವೆ. ಟೆಕ್ಸಸ್‌ನ ಎರಡು ತಂಡಗಳನ್ನು ಹಾಗೆ ತಳ್ಳಿಹಾಕಲಾಗದು. ಅವೆರಡನ್ನೂ ಬೆನ್ನುಬೆನ್ನಿಗೆ ಎದುರಿಸಿ, ಎರಡಕ್ಕೂ ಅಂಕ ಕೊಡದಿದ್ದದ್ದೇ ಇಡೀ ಪ್ರವಾಸದ ಗಟ್ಟಿ ಭಾಗ.

ಆದರೆ ಋತುವಿನ ಅತ್ಯಂತ ಕಠಿಣ ಪಂದ್ಯ ಆ ಆರು ದಿನಗಳಲ್ಲಿ ನಡೆದದ್ದಲ್ಲ. ಪ್ರವಾಸ ಮುಗಿಸಿ ಬಂದು, ನವೆಂಬರ್ 20ರಂದು ಕಂಬರ್ಲೆಂಡ್ ತಂಡವನ್ನು 71-0ರಿಂದ ಮಣಿಸಿ (ಹದಿನೇಳು ವರ್ಷಗಳ ನಂತರ ಜಾರ್ಜಿಯಾ ಟೆಕ್ ಎದುರು 222-0ರಿಂದ ಸೋತು ದಾಖಲೆ ಬರೆದದ್ದು ಇದೇ ಕಂಬರ್ಲೆಂಡ್), ಹತ್ತು ದಿನ ಚೆನ್ನಾಗಿ ವಿಶ್ರಮಿಸಿಕೊಂಡು ಮಾಂಟ್‌ಗಮರಿಗೆ ಹೋದಾಗ ಎದುರಿಗಿದ್ದದ್ದು ಆಬರ್ನ್. ಅದರ ತರಬೇತುದಾರ ಜಾನ್ ಹೈಸ್‌ಮನ್. ಇಂದು ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿಗೆ ಅವನ ಹೆಸರೇ ಇದೆ. ಒಂದು ಸುತ್ತು ಮುಗಿದು ಎದುರಾಳಿಗಳು ಮೈ ಕೊಡವಿ ಏಳುವಷ್ಟರಲ್ಲಿ ತನ್ನ ಹುಡುಗರು ಮುಂದಿನ ಸುತ್ತಿಗೆ ಸಾಲುಗಟ್ಟಿರಬೇಕು ಎಂದು ಅವನು ಕಲಿಸಿದ್ದ. ದಣಿವಾರಿಸಿಕೊಳ್ಳಲು ಬಿಡದ ಈ ವೇಗಕ್ಕೆ ಸುವಾನಿ ತತ್ತರಿಸಿತು. ಅದುವರೆಗೆ ಒಂದು ಅಂಕವನ್ನೂ ಬಿಟ್ಟುಕೊಡದಿದ್ದ ತಂಡ ಅಂದು ಹತ್ತು ಅಂಕಗಳನ್ನು ಬಿಟ್ಟುಕೊಟ್ಟು, 11-10ರಿಂದ ಬದುಕಿಕೊಂಡಿತು.

ಆ ಒಂದು ಅಂಕ ಬಂದದ್ದು ಹೇಗೆಂದು ನೋಡಿದರೆ ಅಂದಿನ ಆಟದ ಸೂಕ್ಷ್ಮ ತಿಳಿಯುತ್ತದೆ. ಚೆಂಡನ್ನು ಗಡಿಯಾಚೆ ಮುಟ್ಟಿಸಿದರೆ, ಅಂದರೆ ಟಚ್‌ಡೌನ್‌ಗೆ, ಆಗ ಐದು ಅಂಕ. ಆಮೇಲೆ ಗೋಲುಕಂಬಗಳ ನಡುವೆ ಒದ್ದರೆ ಇನ್ನೊಂದು. ಇಂದಿನಂತೆ ಕಂಬಗಳ ನೇರ ಎದುರಿಗೆ ಚೆಂಡಿಟ್ಟು ಒದೆಯುವ ಸವಲತ್ತು ಇರಲಿಲ್ಲ. ಗಡಿಯಲ್ಲಿ ಚೆಂಡು ಮುಟ್ಟಿಸಿದ ಜಾಗಕ್ಕೆ ಎದುರಾಗಿ ಮೈದಾನದೊಳಕ್ಕೆ ಬಂದು ಅಲ್ಲಿಂದ ಒದೆಯಬೇಕು. ಓಟಗಾರ ಮೂಲೆಯಲ್ಲಿ ಗಡಿ ದಾಟಿದ್ದರೆ ಒದೆಯುವವನ ಕೋನ ಕೆಟ್ಟುಹೋಗುತ್ತಿತ್ತು. ಮಾಂಟ್‌ಗಮರಿಯಲ್ಲಿ ಎರಡೂ ತಂಡಗಳು ಎರಡೆರಡು ಸಲ ಗಡಿ ದಾಟಿದವು. ಸುವಾನಿಯ ಒಂದು ಒದೆತ ಕಂಬಗಳ ನಡುವೆ ಹೋಯಿತು, ಆಬರ್ನ್‌ನ ಎರಡೂ ಹೋಗಲಿಲ್ಲ. ಅಜೇಯ ಋತು ಎಂದು ನಾವು ಈಗ ಕೊಂಡಾಡುವುದೆಲ್ಲ ನಿಂತಿರುವುದು ಆ ಒಂದು ಒದೆತದ ಮೇಲೆ. ಹೈಸ್‌ಮನ್ ತೀರ್ಪುಗಾರನ ಮೇಲೆ ಹರಿಹಾಯ್ದು ಪತ್ರಿಕೆಗೆ ಬರೆದ. ಎರಡು ದಿನ ಬಿಟ್ಟು ಅಟ್ಲಾಂಟಾದಲ್ಲಿ ನಾರ್ತ್ ಕೆರೊಲೈನಾವನ್ನು 5-0ರಿಂದ ಸೋಲಿಸಿ ಸುವಾನಿ ಋತು ಮುಗಿಸಿತು: ಹನ್ನೆರಡಕ್ಕೆ ಹನ್ನೆರಡು ಗೆಲುವು, 322 ಅಂಕಗಳಿಗೆ ಎದುರಾಗಿ 10.

ನೀವು ಓದಿದ ಬರಹದಲ್ಲಿ ಬೇರೆ ಕಥೆಗಳೂ ಇದ್ದಿರಬಹುದು. ಆಟಗಾರರ ಬೂಟುಗಳು ಊರಿನ ರೈಲ್ವೆ ನಿಲ್ದಾಣದಲ್ಲೇ ಉಳಿದುಬಿಟ್ಟು, ಲೀ ತಂತಿ ಕಳುಹಿಸಿ ಹಿಂದಿನ ರೈಲಿನಲ್ಲಿ ತರಿಸಿಕೊಂಡ ಎಂಬುದೊಂದು. ಪರಊರಿನ ನೀರು ಕುಡಿದು ಹೊಟ್ಟೆ ಕೆಡದಿರಲೆಂದು ಸುವಾನಿಯ ಒರತೆಯ ನೀರನ್ನೇ ಪೀಪಾಯಿಗಳಲ್ಲಿ ತುಂಬಿ ಒಯ್ದರು ಎಂಬುದು ಇನ್ನೊಂದು. ಇವು ಕಾಲೇಜಿನಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಗಳು. ನೀರಿನ ಕಥೆ ಆ ಕಾಲಕ್ಕೆ ಸಹಜವಾಗಿಯೇ ಇದೆ, ಬೂಟಿನ ಕಥೆ ಹೇಳಿಹೇಳಿ ನುಣುಪಾದಂತೆ ಕಾಣುತ್ತದೆ. ಪಂದ್ಯದ ಅಂಕಗಳಷ್ಟು ಭರವಸೆಯಿಂದ ಇವನ್ನು ನಾನು ಹೇಳಲಾರೆ.

ಇದು ಸಾರ್ವಕಾಲಿಕ ಶ್ರೇಷ್ಠ ತಂಡವೇ ಎಂಬ ವಾದವೂ ಆಗಾಗ ನಡೆಯುತ್ತದೆ. ಸೊನ್ನೆಗಳ ಸಾಲು ಕಂಡು ಬೆರಗಾಗುವ ಮುನ್ನ, ಯೇಲ್ ತಂಡ 1888ರಲ್ಲಿ ಹದಿಮೂರು ಪಂದ್ಯಗಳಲ್ಲಿ 698 ಅಂಕ ಗಳಿಸಿ ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ ಎಂಬುದನ್ನು ನೆನೆಯಬೇಕು. ಬಲಾಬಲದ ಅಂತರ ಅಗಾಧವಾಗಿದ್ದ ಕಾಲ ಅದು. 1899ರ ರಾಷ್ಟ್ರೀಯ ಅಗ್ರಸ್ಥಾನವನ್ನು ನಂತರದ ಲೆಕ್ಕಿಗರು ಕೊಟ್ಟದ್ದು ಹಾರ್ವರ್ಡ್‌ಗೆ, ಅದು ಒಂದು ಪಂದ್ಯವನ್ನು ಡ್ರಾ ಮಾಡಿಕೊಂಡಿದ್ದರೂ. ಪೂರ್ವದ ಪತ್ರಿಕೆಗಳ ಕಣ್ಣಿಗೆ ದಕ್ಷಿಣದ ಆಟ ಬೀಳುತ್ತಲೇ ಇರಲಿಲ್ಲವೆಂಬುದು ಅದಕ್ಕೆ ಒಂದು ಕಾರಣ. ಸುವಾನಿ ಹಾರ್ವರ್ಡ್ ಎದುರು ಆಡಿದ್ದರೆ ಗೆಲ್ಲುತ್ತಿತ್ತೇ ಎಂದು ಕೇಳಿದರೆ, ಆಬರ್ನ್ ಎದುರು ಪಟ್ಟ ಪಾಡನ್ನು ನೋಡಿದವನಾಗಿ ನಾನು ಅನುಮಾನಿಸುತ್ತೇನೆ. ದಕ್ಷಿಣದಲ್ಲಿ ಆ ವರ್ಷ ಅದಕ್ಕೆ ಸಾಟಿಯಿರಲಿಲ್ಲ ಎನ್ನುವುದರಲ್ಲಿ ಮಾತ್ರ ಅನುಮಾನವಿಲ್ಲ.

ಕಡೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಆಟ 1906ರ ನಿಯಮಗಳಿಂದ ಬದಲಾಯಿತು, ಆಮೇಲಿನ ದಶಕಗಳಲ್ಲಿ ಹಣದ ಆಟವಾಯಿತು. ಸರ್ಕಾರದ ದೊಡ್ಡ ವಿಶ್ವವಿದ್ಯಾಲಯಗಳು ವಿಶಾಲ ಕ್ರೀಡಾಂಗಣ ಕಟ್ಟಿ, ಆಟಗಾರರಿಗೆ ವಿದ್ಯಾರ್ಥಿವೇತನ ಕೊಟ್ಟು ಮುಂದೆ ಹೋದವು. ಕೆಲವೇ ನೂರು ವಿದ್ಯಾರ್ಥಿಗಳ ಸುವಾನಿ ಅವುಗಳ ಸಮಕ್ಕೆ ನಿಲ್ಲುವುದು ಸಾಧ್ಯವಿರಲಿಲ್ಲ. ಹಳೆಯ ಹೆಸರಿನ ಬಲದಿಂದ 1932ರಲ್ಲಿ ಆಗ್ನೇಯ ರಾಜ್ಯಗಳ ಕೂಟವಾದ ಎಸ್‌ಇಸಿಯ ಸ್ಥಾಪಕ ಸದಸ್ಯರಲ್ಲೊಂದಾಯಿತು. 1940ರಲ್ಲಿ ಹೊರಬರುವವರೆಗೆ ಆ ಕೂಟದಲ್ಲಿ ಆಡಿದ ಮೂವತ್ತೇಳು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಪ್ರವಾಸದಲ್ಲಿ ಮಣಿಸಿದ ಐದು ತಂಡಗಳ ಪೈಕಿ ಟುಲೇನ್, ಲೂಯಿಸಿಯಾನ ಸ್ಟೇಟ್, ಮಿಸಿಸಿಪ್ಪಿ ಈ ಮೂರೂ ಅದೇ ಕೂಟದಲ್ಲಿದ್ದವು. ಕ್ರೀಡೆಗೆ ವಿದ್ಯಾರ್ಥಿವೇತನ ಕೊಡುವುದು ವಿಶ್ವವಿದ್ಯಾಲಯದ ಕೆಲಸವಲ್ಲ ಎಂಬ ನಿಲುವಿಗೆ ಬಂದ ಸುವಾನಿ ಈಗ ಅಂಥ ವೇತನವಿಲ್ಲದ ಮೂರನೆಯ ವಿಭಾಗದಲ್ಲಿ, ತನ್ನಷ್ಟೇ ಗಾತ್ರದ ಕಾಲೇಜುಗಳ ಜೊತೆ, ಇಂದಿಗೂ ಫುಟ್‌ಬಾಲ್ ಆಡುತ್ತಿದೆ.